ಬಾಯಿಗೆ ಕೂರುವ ಮಾತು

ನಾದಿನಿ ಸುಮನಾ ಬರುವ ಬೈಕು ದಾರಿಯಲ್ಲೇ ಪಂಕ್ಚರ್ ಆಗಲಿ ಎಂದು ಭಾನುಪ್ರಿಯ ಬೆಳಗಿನಿಂದ ಮೂರು ಸಲ ದೇವರನ್ನು ಬೇಡಿಕೊಂಡಿದ್ದಳು. ಮೂರನೆಯ ಸಲ ಬೇಡಿಕೊಳ್ಳುವಾಗ ಎರಡೂ ಕೈ ಅವರೆಕಾಳು ಹಿದುಕುತ್ತಿದ್ದುದರಿಂದ ಮನಸ್ಸಿನಲ್ಲೇ ಕೈ ಮುಗಿದಳು. ಅಂಥ ಅರೆಬರೆ ನಮಸ್ಕಾರಕ್ಕೆ ಯಾವ ದೇವರು ಕಿವಿಗೊಟ್ಟಾನು ಎಂಬ ಅನುಮಾನ ಅವಳಿಗೇ ಇತ್ತು. ಬೇಡಿಕೊಂಡ ಮೇಲೆ, ಪಾಪ, ಆ ಹೆಣ್ಣು ನಡುದಾರಿಯ ಬಿಸಿಲಲ್ಲಿ ನಿಲ್ಲಬೇಕಾದೀತಲ್ಲ ಎಂದು ಮರುಕವೂ ಆಯಿತು. ಆಗುವ ಪಂಕ್ಚರ್ ಪಂಕ್ಚರ್ ಅಂಗಡಿಯ ಮುಂದೆಯೇ ಆಗಲಿ ಎಂದು ಬೇಡಿಕೆಯನ್ನು ತಿದ್ದಿದಳು. ನೆಟ್ಟಗೆ ಒಳ್ಳೆಯವಳಾಗುವ ಯೋಗ್ಯತೆಯೂ ಇಲ್ಲ, ನೆಟ್ಟಗೆ ಕೆಟ್ಟವಳಾಗುವ ಧೈರ್ಯವೂ ಇಲ್ಲ, ಎಂಥ ಹೆಂಗಸು ನಾನು ಎಂದು ತನ್ನನ್ನೇ ಬೈದುಕೊಳ್ಳುತ್ತಾ ಕಾಳನ್ನು ಸಿಪ್ಪೆಯ ಮೊರಕ್ಕೂ ಸಿಪ್ಪೆಯನ್ನು ಕಾಳಿನ ಬಟ್ಟಲಿಗೂ ಹಾಕುತ್ತಾ ಕೂತಿದ್ದಳು. ನಡುಮನೆಯ ಮಂಚದಲ್ಲಿ ಅತ್ತೆ ದೊಡ್ಡಲಕ್ಷ್ಮಮ್ಮ ಮಲಗಿದ್ದರು. ಎರಡು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು, ದನಿ ಮೂರೂ ಹೋಗಿದ್ದವು. ತಲೆ ಅಲ್ಲಾಡಿಸೋಣವೆಂದರೆ ಕೊರಳು ಮಾತು ಕೇಳುತ್ತಿರಲಿಲ್ಲ. ಕಿವಿ ಮಾತ್ರ ಹೋಗಿರಲಿಲ್ಲ, ಬುದ್ಧಿಯಂತೂ ಮೊದಲಿನಷ್ಟೇ ಚುರುಕಾಗಿತ್ತು. ತುಟಿಗಳಂತೂ ಸದ್ದು ಅಡಗಿಸಿದ ಟಿವಿಯ ಹಾಗೆ ಇಡೀ ದಿನ ಆಡುತ್ತಿದ್ದವು. ಸುಮನಾಳನ್ನು ಕರೆಸಿದ್ದು ಆ ತುಟಿಗಳೇ ಎಂದು ಹೊಂಗನೂರಿನ ಆ ಬೀದಿಯೆಲ್ಲ ನಂಬಿತ್ತು. ಕರೆಸಿದವಳು ಭಾನು. ಅದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ: ಒಬ್ಬಳು ಅವರೆಕಾಳು ಹಿದುಕುತ್ತಿದ್ದಳು, ಇನ್ನೊಬ್ಬರಿಗೆ ದನಿ ಇರಲಿಲ್ಲ.

ಸದ್ದಿಲ್ಲದ ಬಾಯಿಗೆ ಸದ್ದು ಕೂರಿಸುವುದೇ ಭಾನುವಿನ ಕಸುಬು. ಹನ್ನೆರಡು ವರ್ಷದಿಂದ ವಾರಕ್ಕೆ ಮೂರು ದಿನ ಚನ್ನಪಟ್ಟಣದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಬೀರುವಿನಷ್ಟಗಲದ ಕೋಣೆಯಲ್ಲಿ ಮೈಕಿನ ಮುಂದೆ ನಿಂತು, ಕಾರ್ಟೂನಿನ ಟುಬ್ಬು ಎಂಬ ಅಳಿಲುಮರಿಗೆ ಕನ್ನಡ ಮಾತಾಡಿ ಬರುತ್ತಿದ್ದಳು. ಟುಬ್ಬುವಿಗೆ ಏಳು ವರ್ಷ. ಶುರುವಾದಾಗಲೂ ಏಳು, ಈಗಲೂ ಏಳು. ಭಾನುವಿಗೆ ಈ ಸಂಕ್ರಾಂತಿ ಕಳೆದರೆ ನಲವತ್ತು. ಕನ್ನಡಕ ಬಂದಿದೆ, ಮೊಣಕಾಲು ಹಿಡಿಯುತ್ತದೆ, ಮರ ಹತ್ತುವ ಅಳಿಲಿಗೆ ಏದುಸಿರು ಬಿಡುವಾಗ ಅರ್ಧ ಅಭಿನಯ, ಅರ್ಧ ನಿಜ. ಕಾರ್ಟೂನಿನ ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಅವಳ ಹೆಸರು ಒಂದು ದಿನವೂ ಬಂದಿರಲಿಲ್ಲ. ಹೆಸರು ಬರದಿದ್ದರೆ ಹೋಗಲಿ, ದನಿಯೂ ಅವಳದಾಗಿ ಉಳಿದಿರಲಿಲ್ಲ. ಗ್ಯಾಸ್ ಬುಕ್ ಮಾಡಲು ಫೋನ್ ಮಾಡಿದರೆ "ಮನೇಲಿ ದೊಡ್ಡೋರಿದ್ರೆ ಕೊಡು ಪುಟ್ಟಿ" ಎನ್ನುತ್ತಿದ್ದರು. ಮಾಗಡಿಯಲ್ಲಿ ಒಂದು ಮದುವೆಗೆ ಹೋಗಿದ್ದಾಗ ಗಂಡಿನ ಕಡೆಯವರು ಅವಳ ಕೈಗೆ ಮೈಕು ಕೊಟ್ಟು, "ಒಸಿ ಅಳಿಲ್ ತರ ಮಾತಾಡವ್ವ, ಹೈಕ್ಳು ಕೇಳ್ಲಿ" ಅಂದಿದ್ದರು. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ನೂರಾರು ಜನರೆದುರಿಗೆ "ಅಯ್ಯೋ, ನನ್ನ ಕಡಲೆಕಾಯಿ ಎಲ್ಲಿ ಹೋಯಿತು?" ಎಂದು ಕಿರುಚಿದ್ದಳು. ಜನ ನಕ್ಕರು. ಅವಳಿಗೂ ಆಗ ಖುಷಿಯಾಗಿತ್ತು ಎಂಬುದೇ ಆಮೇಲಿನ ನಾಚಿಕೆ. ಇನ್ನು ಸ್ಟುಡಿಯೋದಲ್ಲಿ, ಡಬ್ಬಿಂಗ್ ಮಾಡಿಸುವ ಅನೀಸ್ ಸಾರ್, ಮೊದಲ ವಾರವೇ ಅವಳ ನಾಲಗೆಯ ಮೇಲಿದ್ದ ಹೊಂಗನೂರಿನ ಆಡುಮಾತನ್ನು ಕೆರೆದು ಹಾಕಿದ್ದರು. "ಅಮ್ಮಾ, ನನಗೆ ಭಯವಾಗುತ್ತಿದೆ" ಎಂದು ಪುಸ್ತಕದ ಹಾಗೆ ಹೆದರಬೇಕು. ಒಂದು ಸಲ ನಿಜವಾಗಿ ಹೆದರಿಕೆಯ ದೃಶ್ಯದಲ್ಲಿ ಮೈಮರೆತು "ಅವ್ವೋ, ಭಯ ಆಯ್ತಾ ಐತೆ" ಅಂದುಬಿಟ್ಟಾಗ ಗಾಜಿನ ಆಚೆ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅನೀಸ್ ಸಾರ್ ಒಳ್ಳೆಯವರು, ನಕ್ಕ ಮೇಲೆ ಟೀ ತರಿಸಿದರು. ಅವರ ಪಾಠ ಒಂದೇ: "ಅರ್ಥ ಆಮೇಲೆ ಭಾನು ಮೇಡಂ, ಬಾಯಿ ಮೊದಲು." ಯಾವ ದೇಶದ ಅಳಿಲೋ, ಏನು ಹೇಳುತ್ತಿತ್ತೋ ಅವಳಿಗೆ ತಿಳಿಯದು. ತುಟಿ ಕೂಡಿದ ಕಡೆ ಪ, ಬ, ಮ ಬರಬೇಕು. ಬಾಯಿ ತೆರೆದ ಕಡೆ ಆ. ಬಾಯಿ ಮುಚ್ಚುವಷ್ಟರಲ್ಲಿ ಮಾತು ಮುಗಿಯಬೇಕು. ಅಷ್ಟಾದರೆ ಎಂಥ ಸುಳ್ಳೂ ಕೂರುತ್ತದೆ.

ಇದನ್ನು ಅವಳು ಮೊದಲ ದಿನವೇ ಹೇಳಬೇಕಿತ್ತು. ಅತ್ತೆಯನ್ನು ಆಸ್ಪತ್ರೆಯಿಂದ ತಂದು ಮಲಗಿಸಿದ ದಿನ ನಡುಮನೆ ತುಂಬ ಜನ. ಗಂಡ ಸಿದ್ಧರಾಜು ತಾಯಿಯ ತುಟಿ ನೋಡಿ ನೋಡಿ ಸೋತು, ಅಳುವುದೊಂದು ಬಾಕಿಯಾಗಿ, ತಟ್ಟನೆ ತಿರುಗಿದ್ದ. "ಭಾನು, ನೀನ್ ಬಾಯ್ ನೋಡ್ಕಂಡೇ ಅಲ್ವಾ ಮಾತಾಡಾದು? ಅವ್ವ ಏನಂತೌಳೆ ನೋಡು." ಎಲ್ಲರೂ ಅವಳ ಕಡೆ ನೋಡಿದರು. ಕಡಲೆಕಾಯಿ ಹುಡುಕಿಸಿ ನಕ್ಕಿದ್ದ ನೆಂಟರೇ, ಈಗ ಡಾಕ್ಟರನ್ನು ನೋಡುವ ಹಾಗೆ ನೋಡುತ್ತಿದ್ದರು. ನನಗೆ ಬಾಯಿ ಓದಲು ಬರುವುದಿಲ್ಲ, ಬಾಯಿಗೆ ಮಾತು ಹೊಂದಿಸಲು ಮಾತ್ರ ಬರುತ್ತದೆ ಎಂದು ಹೇಳುವುದಕ್ಕೆ ಆ ಗಳಿಗೆಯಲ್ಲಿ ಎದೆ ಬರಲಿಲ್ಲ. ನಿಜ ಹೇಳಬೇಕೆಂದರೆ, ಹಾಗೆ ನೋಡಿಸಿಕೊಳ್ಳುವ ಆಸೆಯೇ ಬಿಡಲಿಲ್ಲ. "ನೀರ್ ಕೇಳ್ತಾವ್ರೆ" ಅಂದಳು. ನೀರು ಕೊಟ್ಟರು, ಅತ್ತೆ ಕುಡಿದರು. ಬಾಯಿಗೆ ನೀರು ಹಿಡಿದರೆ ಯಾರಾದರೂ ಕುಡಿಯುತ್ತಾರೆ ಎಂದು ಅಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. "ಅಬ್ಬಬ್ಬಾ, ಎಂಥ ವಿದ್ಯೆ ಕಲ್ತವ್ಳೆ ನೋಡು" ಅಂದರು. ಅಲ್ಲಿಂದ ಶುರು. ಮೊದಮೊದಲು ನೀರು, ಗಂಜಿ, ಹೊದಿಕೆ. ಆಮೇಲೆ "ಟಿವಿ ಸಣ್ಣಕ್ ಮಡುಗ್ಬೇಕಂತೆ." ಆಮೇಲೆ "ಸೊಸೆ ಒಸಿ ಮಲೀಕ್ಕಳ್ಳಿ ಅಂತಾವ್ರೆ." ಅತ್ತೆಗೆಂದು ಭಾನು ಒಂದು ದನಿಯನ್ನೂ ಹೊಂದಿಸಿಕೊಂಡಿದ್ದಳು: ಕಾರ್ಟೂನಿನಲ್ಲಿ ಕಾಡಿನ ಅಜ್ಜಿಯರಿಗೆ ಕೊಡುವ ಮೆತ್ತನೆಯ, ಸಕ್ಕರೆ ಬೆರೆಸಿದ ದನಿ. ಇಡೀ ಊರನ್ನು ಬಾಯಲ್ಲೇ ಗುಡಿಸಿದ ಹೆಂಗಸಿಗೆ ಆ ದನಿ! "ಲಕ್ವ ಹೊಡುದ್ಮೇಲೆ ದೊಡ್ಡಕ್ಕ ಎಷ್ಟ್ ಸಾದು ಆಗೋದ್ಲು" ಎಂದು ಬೀದಿಯವರು ಕಣ್ಣೊರೆಸಿಕೊಂಡರು. ಅತ್ತೆಯನ್ನೇ ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಎಲ್ಲರೂ ಕೇಳುತ್ತಿದ್ದದ್ದು ಭಾನುವನ್ನು. ಸಗಣಿ ಬಾಚಿ ಬಾಚಿ ಸೊಂಟ ಹೋಗಿದ್ದ ಒಂದು ಬೆಳಿಗ್ಗೆ, ತುಟಿ ಆಡುತ್ತಿದ್ದ ಹೊತ್ತು ನೋಡಿ, "ಹಸ ಯಾಕಪ್ಪ ಇನ್ನ, ಯಾರಾರ ನೋಡ್ಕಳ್ಳೋರ್ಗೆ ಕೊಟ್ಬುಡು ಅಂತಾವ್ರೆ" ಅಂದಳು. ಸಿದ್ಧರಾಜು ತಾಯಿಯ ಮಾತು ಎಂದೂ ಮೀರಿದವನಲ್ಲ. ಕೋಡಿಹಳ್ಳಿಯವರು ಬಂದು ಹಗ್ಗ ಹಿಡಿದರು. ಕೊಟ್ಟಿಗೆಯಿಂದ ಹಸು ಒಂದೇ ಸಮನೆ ಕೂಗುತ್ತಾ ಹೋಯಿತು. ಅತ್ತೆಯ ಎಡಗಣ್ಣಿನಿಂದ ನೀರು ಇಳಿಯಿತು. ವಯಸ್ಸಾದವರಿಗೆ ಕಣ್ಣು ಸೋರುತ್ತದೆ ಎಂದರು ಯಾರೋ. ಭಾನು ಸೆರಗಿನಿಂದ ಒರೆಸಿದಳು. ಒರೆಸುವಾಗ ಅತ್ತೆ ಅವಳನ್ನೇ ನೋಡುತ್ತಿದ್ದರು. ಅವತ್ತಿನಿಂದ ಭಾನು ಅತ್ತೆಯ ಬಾಯಿ ಮಾತ್ರ ನೋಡುತ್ತಾಳೆ, ಕಣ್ಣು ನೋಡುವುದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಸಣ್ಣಪುಟ್ಟ ಪಾಪವೆಂದು ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಹೋದ ಗುರುವಾರ ಅನೀಸ್ ಸಾರ್ ಫೋನ್ ಮಾಡಿದರು. ಟುಬ್ಬು ಸಿನಿಮಾ ಬರುತ್ತಿದೆ, ಎರಡು ಗಂಟೆಯ ದೊಡ್ಡ ಸಿನಿಮಾ, ಸೋಮವಾರದಿಂದ ನಾಲ್ಕು ದಿನ ರೆಕಾರ್ಡಿಂಗ್. "ಎರಡು ತಿಂಗಳಿಂದ ನೀವು ಬಂದಿಲ್ಲ ಮೇಡಂ. ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ಚಾನೆಲ್‌ನೋರು ಇನ್ನೊಂದು ಹುಡುಗಿ ವಾಯ್ಸ್ ಟೆಸ್ಟ್ ಮಾಡಿ ಅಂತಿದಾರೆ. ಬರ್ತೀರಾ ಇಲ್ವಾ ಹೇಳಿಬಿಡಿ." ಆ ಇನ್ನೊಂದು ಹುಡುಗಿಗೆ ಇಪ್ಪತ್ತಮೂರು ವರ್ಷವಂತೆ. ಏಳು ವರ್ಷದ ಅಳಿಲಿಗೆ ಮೂವತ್ತೊಂಬತ್ತಕ್ಕಿಂತ ಇಪ್ಪತ್ತಮೂರು ಹತ್ತಿರ ಎಂದು ಲೆಕ್ಕ ಬರದವರಿಗೂ ಗೊತ್ತಾಗುತ್ತದೆ. "ಬರ್ತೀನಿ ಸಾರ್" ಅಂದಳು, ಅತ್ತೆಯ ಮಂಚದ ಪಕ್ಕದಲ್ಲೇ ನಿಂತು, ಅತ್ತೆಗೆ ಕೇಳಿಸುವ ಹಾಗೇ. ಫೋನಿಟ್ಟ ಮೇಲೆ ಪ್ರಶ್ನೆ ಎದ್ದಿತು: ನಾಲ್ಕು ದಿನ ಅತ್ತೆಯ ಹೇಲು ಉಚ್ಚೆ ತೆಗೆಯುವವರು ಯಾರು? ಆಗ ಸುಮನಾ ನೆನಪಾದಳು. ರಾಮನಗರದ ಗೂಡಿನ ಮಾರ್ಕೆಟ್ಟಿಗೆ ತಾಯಿಯ ಜೊತೆ ರೇಷ್ಮೆಗೂಡು ತೂಗಿಸಲು ಹೋಗಿ ಬರುತ್ತಿದ್ದ ಹುಡುಗಿ, ಅಲ್ಲಿ ಹರಾಜಿನಲ್ಲಿ ಗೂಡು ಕೂಗುತ್ತಿದ್ದ, ನೂಲು ತೆಗೆಯುವವರ ಮನೆಯ ಅತೀಕನನ್ನು ರಿಜಿಸ್ಟರ್ ಮದುವೆಯಾದವಳು. ಮದುವೆಯಾಗಿ ಬಂದು ನಿಂತಾಗ ದೊಡ್ಡಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತು, "ನನ್ ಬಾಯಲ್ಲಿ ನಾನೇ ಕರಿಯೋಗಂಟ ಈ ಒಸ್ಲು ತುಳೀಬ್ಯಾಡ" ಅಂದಿದ್ದರು. ಹನ್ನೊಂದು ವರ್ಷ. ತಾಯಿ ಕರೆಯಲಿಲ್ಲ, ಮಗಳು ತುಳಿಯಲಿಲ್ಲ. ಹಟದಲ್ಲಿ ಒಬ್ಬರಿಗೊಬ್ಬರು ಕಡಿಮೆಯಿಲ್ಲ. ಲಕ್ವ ಹೊಡೆದಾಗಲೂ ಸುಮನಾ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಮೂರು ದಿನ ಕೂತಿದ್ದು, "ಅವ್ವ ಕರೀನಿಲ್ವಲ್ಲ" ಎಂದು ಒಳಗೆ ಬಾರದೆ ಹೋಗಿದ್ದಳು. ಗುರುವಾರ ಸಂಜೆ ಭಾನು ಗಂಡನಿಗೆ ಹೇಳಿದಳು, "ಸುಮಾನ ಕರೀರಿ ಅಂತಾವ್ರೆ." ಸಿದ್ಧರಾಜು ಕೂತಲ್ಲೇ ಬಿಕ್ಕಿದ. ಒಂದು ಒಳ್ಳೆಯ ಕೆಲಸವಾಯಿತು ಎಂದು ಭಾನುವಿಗೂ ಕಣ್ಣು ತುಂಬಿತು. ಮುರಿದ ಮನೆ ಕೂಡಿಸುತ್ತಿದ್ದೇನೆ ಎಂದು ಒಂದು ರಾತ್ರಿಯ ಮಟ್ಟಿಗೆ ನಂಬಿಯೂ ಬಿಟ್ಟಳು; ಬೆಳಿಗ್ಗೆ ಎದ್ದು ನೋಡಿದರೆ ಬೆಂಗಳೂರಿಗೆ ಹೋಗುವ ಬ್ಯಾಗನ್ನು ಆಗಲೇ ತುಂಬಿಟ್ಟಿದ್ದಳು. ಸುಮನಾ ಬಂದು ಅವ್ವ ಏನಂದಳೆಂದು ಕೇಳಿದರೆ ಸುಳ್ಳು ಬಯಲಾದೀತೆಂಬ ದಿಗಿಲು ಹುಟ್ಟಿದ್ದು ಆಮೇಲೆ.

ಭಾನುವಾರ ಹನ್ನೊಂದರ ಹೊತ್ತಿಗೆ ಬೈಕಿನ ಸದ್ದು ಬಂದು ಬೀದಿಯ ತುದಿಯ ಹೊಂಗೆಮರದ ಹತ್ತಿರ ನಿಂತಿತು. ಪಂಕ್ಚರ್ ಆಗಿರಲಿಲ್ಲ. ಅತೀಕ್ ಅಲ್ಲೇ ಉಳಿದ. ಸುಮನಾ ಒಬ್ಬಳೇ ಕೈಯಲ್ಲೊಂದು ಹಣ್ಣಿನ ಕವರು ಹಿಡಿದು ನಡೆದು ಬಂದಳು. ಕಿವಿಯ ಹತ್ತಿರ ನಾಲ್ಕು ಬಿಳಿಕೂದಲು ಬಂದಿದ್ದವು. ಬಾಗಿಲ ತನಕ ಸರಸರ ಬಂದವಳು ಹೊಸ್ತಿಲ ಮುಂದೆ ನಿಂತುಬಿಟ್ಟಳು.

"ಅವ್ವ ಕರುದ್ಲಾ ಅಣ್ಣ? ದಿಟ್ವಾಗ್ಲೂ?"

"ಕರುದ್ಲು ಕಣಮ್ಮಿ. ನಿನ್ ಅತ್ತಿಗೆ ಬಾಯಲ್ಲಿ ಏಳ್ಸುದ್ಲು. ಬಾ ಒಳೀಕೆ" ಅಂದ ಸಿದ್ಧರಾಜು.

ಸುಮನಾ ಭಾನುವಿನ ಮುಖ ನೋಡಿದಳು. ಭಾನು ನಕ್ಕಳು. ಯಾಕೆ ನಕ್ಕಳೋ ಅವಳಿಗೇ ತಿಳಿಯದು. ಮೈಕಿನ ಮುಂದೆ ಕೆಂಪುದೀಪ ಹತ್ತಿದ ಕೂಡಲೇ ಮುಖ ತಾನಾಗಿ ನಗುತ್ತಿತ್ತಲ್ಲ, ಅದೇ ನಗು. ಸುಮನಾ ಚಪ್ಪಲಿ ಬಿಟ್ಟು, ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ದಾಟಿದಳು. ಮಂಚದ ಪಕ್ಕ ನೆಲದ ಮೇಲೆ ಕೂತು ತಾಯಿಯ ಎಡಗೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದಳು. ದೊಡ್ಡಲಕ್ಷ್ಮಮ್ಮ ಮಗಳನ್ನು ನೋಡಿದರು. ತುಟಿಗಳು ಆಡತೊಡಗಿದವು.

"ಏನಂತೌಳೆ ಅತ್ತಿಗೆ?"

ಈಗೊಂದು ಸಲ ಸುಳ್ಳು ಹೇಳಿದರೆ ಆಯಿತು, ಒಂದೇ ಒಂದು ಟೇಕು, ಆಮೇಲೆ ಇನ್ನೆಂದೂ ಇಲ್ಲ ಎಂದುಕೊಂಡು ಭಾನು ಕಾಡಿನ ಅಜ್ಜಿಯ ದನಿ ತೆಗೆದಳು. "ಬಂದ್ಯಾ ಮಗಳೇ... ನಿನ್ ಮುಖ ನೋಡಿ ಎಷ್ಟ್ ದಿನ ಆಗಿತ್ತು ಕಂದ... ನನ್ ತಪ್ಪೆಲ್ಲಾ ಮರ್ತ್ಬುಡು..." ಎರಡನೆಯ ಮಾತಿಗೇ ಅತ್ತೆ ಬಾಯಿ ಮುಚ್ಚಿದರು. ಸುಮ್ಮನೆ ಮುಚ್ಚಿದ್ದಲ್ಲ, ಹಲ್ಲಿಲ್ಲದ ಬಾಯಿಯೊಳಕ್ಕೆ ಎರಡೂ ತುಟಿಯನ್ನು ಎಳೆದುಕೊಂಡು ಬೀಗ ಹಾಕಿದ ಹಾಗೆ ಮುಚ್ಚಿದರು. ಭಾನುವಿನ ಮಾತು ಮಾತ್ರ ನಿಲ್ಲದೆ, ಮುಚ್ಚಿದ ಬಾಯಿಯ ಮೇಲೆ ಬರಿಗಾಳಿಯಲ್ಲಿ ಇನ್ನೂ ನಾಲ್ಕು ಹೆಜ್ಜೆ ಹೋಯಿತು. ಈ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಮಾನಗೇಡಿಲ್ಲ. ಅತ್ತೆಯ ತುಟಿ ಮತ್ತೆ ತೆರೆಯುವುದನ್ನೇ ಕಾದು, ಈ ಸಲ ಚಿಕ್ಕದಾಗಿ, "ಚೆನ್ನಾಗಿದೀಯಾ ಮಗ" ಎಂದಳು. ಬಾಯಿ ಮತ್ತೆ ಬೀಗ. ಹನ್ನೆರಡು ವರ್ಷದಲ್ಲಿ ಯಾವ ಅಳಿಲೂ ಅವಳಿಗೆ ಹೀಗೆ ಎದುರು ನಿಂತಿರಲಿಲ್ಲ.

"ಅವ್ವ ಬಾಯೇ ಆಡುಸ್ತಿಲ್ವಲ್ಲ ಅತ್ತಿಗೆ" ಅಂದಳು ಸುಮನಾ ಮೆಲ್ಲಗೆ.

ಸಿದ್ಧರಾಜುವೂ ನೋಡುತ್ತಿದ್ದ. ಎರಡು ತಿಂಗಳಿಂದ ಹೆಂಡತಿಯನ್ನೇ ನೋಡಿದವನು ಅವತ್ತು ಮತ್ತೆ ತಾಯಿಯ ಬಾಯಿ ನೋಡುತ್ತಿದ್ದ. ಭಾನುವಿಗೆ ಇನ್ನೊಂದು ಸುಳ್ಳು ಹೊಳೆಯಿತು, ಅತ್ತೆಗೆ ಆಯಾಸ, ಆಮೇಲೆ ಮಾತಾಡ್ತಾರಂತೆ ಎಂದು. ನಾಲಗೆಯ ತುದಿಗೂ ಬಂತು. ಆದರೆ ಬಾಯಿಂದ ಹೊರಟದ್ದು ಬೇರೆ.

"ನಂಗೆ ಬಾಯ್ ನೋಡಿ ಮಾತ್ ತಿಳ್ಕಳ್ಳಕ್ಕೆ ಬರಲ್ಲ ಸುಮಾ. ಯಾವತ್ತೂ ಬರ್ತಿರ್ನಿಲ್ಲ. ಬಾಯಾಡಾದ್ಕೆ ತಕ್ಕಂಗೆ ನಾನೇ ಏನಾರ ಸೇರ್ಸಿ ಏಳ್ತಿದ್ದೆ."

"ಅಂಗಾರೆ ಹಸ?" ಅಂದ ಸಿದ್ಧರಾಜು.

"ಅದೂ ನಾನೇ."

"ಥೂ ನಿನ್ನ! ಅವ್ವ ಮಗೀನಂಗೆ ಸಾಕಿದ್ ಹಸ ಕಣೇ ಅದು!" ಅಂದವನು ತಕ್ಷಣ ತಂಗಿಯ ಕಡೆ ತಿರುಗಿದ. ಕೇಳಬೇಕಾದದ್ದು ಇನ್ನೊಂದು ಉಳಿದಿತ್ತು. ಅದನ್ನು ಯಾರೂ ಕೇಳಲಿಲ್ಲ. ಕೇಳದಿದ್ದರೂ ಭಾನು ಹೇಳಿದಳು, "ಕರುದ್ದೂ ನಾನೇ. ತಾಯಿ ಮಗಳು ಒಂದಾಗ್ಲಿ ಅಂತ." ತಪ್ಪೊಪ್ಪಿಕೊಳ್ಳುವಾಗಲೂ ಅರ್ಧ ಮುಚ್ಚಿಟ್ಟು, ಮೇಲೊಂದಿಷ್ಟು ಪುಣ್ಯದ ಒಗ್ಗರಣೆ ಹಾಕಿದಳಲ್ಲ ಈ ಮಹಾತಾಯಿ, ಸೋಮವಾರದ ಸುದ್ದಿಯನ್ನೇ ಎತ್ತಲಿಲ್ಲ.

ಸುಮನಾ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಾಯಿಯ ಕೈಯನ್ನು ಹೊದಿಕೆಯ ಮೇಲೆ ಹುಷಾರಾಗಿ ಇಟ್ಟು ಎದ್ದಳು. "ಅವ್ವ ಕರೀನಿಲ್ಲ" ಅಂದಳು, ಯಾರಿಗೂ ಅಲ್ಲದ ಹಾಗೆ. "ಅನ್ನೊಂದ್ ವರ್ಸ ಅವಳ ಮಾತ್ ಉಳ್ಸಿದ್ದೆ. ಇವತ್ ಒಸ್ಲು ತುಳುದ್ಬುಟ್ಟೆ." ಬಾಗಿಲ ಕಡೆ ಹೊರಟಳು. ಭಾನುವಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತಾನು ಕದ್ದದ್ದು ಅತ್ತೆಯ ದನಿಯನ್ನಷ್ಟೇ ಅಲ್ಲ, ಈ ಹೆಣ್ಣು ಹನ್ನೊಂದು ವರ್ಷ ಹಸಿದುಕೊಂಡು ಕಾಪಾಡಿದ್ದ ಒಂದು ಮಾತನ್ನೂ ಎಂದು ಆಗ ತಿಳಿಯಿತು.

ಆಗ ಫಟ್ ಎಂದು ಸದ್ದಾಯಿತು. ಅತ್ತೆಯ ಎಡಗೈ ಮಂಚದ ಕಟ್ಟಿಗೆ ಬಡಿದಿತ್ತು. ಮತ್ತೊಂದು ಸಲ, ಇನ್ನೂ ಜೋರಾಗಿ. ಸುಮನಾ ನಿಂತು ತಿರುಗಿದಳು. ದೊಡ್ಡಲಕ್ಷ್ಮಮ್ಮನ ಕಣ್ಣು ಮಗಳ ಮೇಲಿತ್ತು, ತುಟಿಗಳು ಹುಚ್ಚು ಹಿಡಿದ ಹಾಗೆ ಆಡುತ್ತಿದ್ದವು. ಆಡುತ್ತಾ ಆಡುತ್ತಾ ಕಣ್ಣು ಭಾನುವಿನ ಕಡೆ ಹೊರಳಿತು, ಮತ್ತೆ ಮಗಳ ಕಡೆ, ಮತ್ತೆ ಭಾನುವಿನ ಕಡೆ. ಹೇಳೇ ಎನ್ನುತ್ತಿತ್ತು ಆ ಕಣ್ಣು, ಅದಕ್ಕೆ ಯಾರ ವಿದ್ಯೆಯೂ ಬೇಕಿರಲಿಲ್ಲ. ಭಾನು ಬಾಯಿ ನೋಡಲಿಲ್ಲ. ಹದಿನೇಳು ವರ್ಷ ಈ ಹೆಂಗಸಿನ ಜೊತೆ ಒಂದೇ ಒಲೆಯಲ್ಲಿ ಬೇಯಿಸಿದ್ದಳು, ಇವರ ಹತ್ತಿರ ಬೈಸಿಕೊಂಡಿದ್ದಳು, ಇವರು ಸೊಪ್ಪಿನವಳನ್ನು, ಬಸ್ ಕಂಡಕ್ಟರನ್ನು, ಮನೆದೇವರನ್ನು ಬೈಯುವುದನ್ನು ಕೇಳಿದ್ದಳು. ಎದ್ದು ಹೊರಟ ಮಗಳಿಗೆ ಇವರು ಏನು ಹೇಳುತ್ತಾರೆಂದು ತಿಳಿಯಲು ತುಟಿ ಯಾಕೆ ಬೇಕು? ಅಜ್ಜಿಯೂ ಅಲ್ಲದ, ಅಳಿಲೂ ಅಲ್ಲದ ಒಂದು ಒರಟು ದನಿ ಹೊಟ್ಟೆಯ ತಳದಿಂದ ಎದ್ದು ಬಂದಾಗ ಅವಳಿಗೇ ಗಾಬರಿಯಾಯಿತು.

"ಎಲ್ಗೇ ಒಂಟಿದ್ದು ಮೂದೇವಿ! ಕರೀದೆ ಬರ್ಬ್ಯಾಡ ಅಂದ್ರೆ ದಿಟ್ವಾಗ್ಲೂ ಬರ್ದೆ ಇದ್ಬುಡದಾ? ಸತ್ತಿದ್ಯಾ, ಕೆಟ್ಟಿದ್ಯಾ ಅಂತ ಅನ್ನೊಂದ್ ವರ್ಸ ಒಂದ್ ಮಾತ್ ಕೇಳ್ನಿಲ್ಲ. ನಾನಂತೂ ಮುಂಗೋಪಿ, ನಿಂಗಾರ ಬುದ್ಧಿ ಬ್ಯಾಡ್ವಾ? ಆಸ್ಪತ್ರೆ ಬಾಗ್ಲಗಂಟ ಬಂದು ಬೆಂಚ್ ಮ್ಯಾಲೆ ಕುಂತಿದ್ಯಂತೆ, ಬೆಂಚು! ಮಡಗು ಆ ಕವರ. ಕುಂತ್ಕೊ ಇಲ್ಲಿ!"

ಅತ್ತೆಯ ಬಾಯಿ ಮುಚ್ಚಲಿಲ್ಲ. ಮಾತಿನ ಜೊತೆಜೊತೆಗೇ ಹೋಯಿತು. ಭಾನು ಉಸಿರೆಳೆದಲ್ಲಿ ಉಸಿರೆಳೆದು, ಮೂದೇವಿ ಎಂದಲ್ಲಿ ಹುಬ್ಬನ್ನೂ ಸೇರಿಸಿಕೊಂಡಿತು; ಕೊನೆಯ ಮಾತಿಗೆ ಎಡಗೈ ಮತ್ತೊಮ್ಮೆ ಮಂಚದ ಕಟ್ಟಿಗೆ ಬಡಿಯಿತು. ಸುಮನಾ ಇದ್ದಲ್ಲೇ ಕುಸಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಒಟ್ಟಿಗೆ ಬರುತ್ತಿತ್ತು. "ಅವ್ವ ಕಣತ್ತಿಗೆ" ಅಂದಳು. "ಇದು ಅವ್ವನೇ ಕಣಣ್ಣ." ತೆವಳಿಕೊಂಡು ಬಂದು ಮಂಚದ ಅಂಚಿಗೆ ಹಣೆಯಿಟ್ಟಳು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕಲಾವಿದೆಗೆ ಒಂದು ಟೇಕು ಓಕೆಯಾದರೆ ಸಾಕೇ? "ಗಂಡನ್ನ ಬಿಸ್ಲಲ್ ನಿಲ್ಸ್ಬುಟ್ ಬಂದಿದೀಯಲ್ಲ, ಅವ್ನ್ಗೂ ಒಳೀಕ್ ಬರಕ್ಕೇಳು" ಎಂದು ಅದೇ ದನಿಯಲ್ಲಿ, ಅದೇ ಉತ್ಸಾಹದಲ್ಲಿ ಮುಂದುವರಿಸಿದಳು. ಬಾಯಿ ಬೀಗ. ಸುಮನಾ ತಲೆಯೆತ್ತಿ ತಾಯಿಯ ತುಟಿ ನೋಡಿದಳು. ಭಾನು ಈ ಸಲ, ಯಾರೂ ಕೇಳುವ ಮೊದಲೇ, ತನ್ನ ದನಿಯಲ್ಲಿ, "ಇಲ್ಲ. ಈಗ ಅಂದದ್ದು ನಾನು, ಅತ್ತೆ ಅಲ್ಲ" ಅಂದಳು.

"ಇರ್ಲಿ ಬುಡು" ಅಂದಳು ಸುಮನಾ, ಸೆರಗಿನಿಂದ ಮೂಗೊರೆಸಿಕೊಳ್ಳುತ್ತಾ. "ಒಂದೇ ದಿನ್ಕೆ ಎಲ್ಲಾನೂ ಕೇಳಕ್ಕಾಯ್ತದಾ."

ದೊಡ್ಡಲಕ್ಷ್ಮಮ್ಮನ ಕಣ್ಣು ಆಗ ಭಾನುವಿನ ಮೇಲೆ ಬಂದು ನಿಂತಿತು. ಈ ಸಲ ಮಗಳ ಕಡೆ ಹೊರಳಲಿಲ್ಲ. ತುಟಿ ನಿಧಾನವಾಗಿ, ಒಂದೊಂದಾಗಿ, ಅರೆಯುವ ಹಾಗೆ ಆಡತೊಡಗಿತು.

"ಈಗೇನಂತೌಳೆ?" ಅಂದ ಸಿದ್ಧರಾಜು. ಕೇಳಿದ ದನಿಯಲ್ಲಿ ನಂಬಿಕೆ ಇರಲಿಲ್ಲ, ಆದರೆ ಕೇಳಲು ಅವನಿಗೆ ಬೇರೆ ಯಾರೂ ಇರಲಿಲ್ಲ.

ನೀರು, ಗಂಜಿ, ಹೊದಿಕೆ ಎಲ್ಲವೂ ಭಾನುವಿನ ನಾಲಗೆಯ ಮೇಲೆ ಸಾಲಾಗಿ ಬಂದು ನಿಂತವು. ಯಾವುದಾದರೂ ಕೂರುತ್ತಿತ್ತು.

"ನಂಗೆ ಬಯ್ತಾವ್ರೆ" ಅಂದಳು.

"ಏನಂತ?"

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಂಚದ ಎದುರಿಗೆ ನೆಟ್ಟಗೆ ನಿಂತಳು. ಒರಟು ದನಿ ಮತ್ತೆ ಎದ್ದಿತು, ಬೀದಿಗೂ ಕೇಳುವಷ್ಟು. "ಇವ್ಳಿಗೆ ಸೋಮ್ವಾರ ಬೆಂಗ್ಳೂರ್ಗೋಗ್ಬೇಕಾಗಿತ್ತು ಕಣ್ಲಾ ಸಿದ್ದ. ಅಳಿಲ್ ಸಿನ್ಮಾ ಅಂತೆ. ಫೋನಲ್ಲಿ ಬತ್ತೀನಿ ಅಂದದ್ನ ನಾನೇ ಕೇಳ್ದೆ. ನನ್ ಹೇಲು ಉಚ್ಚೆ ಬಾಚಕ್ಕೆ ಒಂದ್ ಆಳ್ ಬೇಕಾಗಿತ್ತು, ಅದುಕ್ಕೆ ನನ್ ಮಗಳ್ನ ಕರ್ಸುದ್ಲು. ತಾಯಿ ಮಗಳ್ನ ಒಂದ್ ಮಾಡಕ್ಕಲ್ಲ. ನನ್ ಬಾಯ್ನೇ ಆಡ್ಸಿ ಕರ್ಸುದ್ಲು, ಕಳ್ಳಿ. ನಾನ್ ಕಿವಿ ತೆರ್ಕಂಡು ಬಿದ್ದಿದ್ದೆ, ಬ್ಯಾಡ ಅನ್ನಕ್ಕೂ ಗತಿ ಇಲ್ದಂಗೆ..."

ಗಂಟಲು ಉರಿಯುತ್ತಿತ್ತು. ಸಿದ್ಧರಾಜು ತಲೆ ತಗ್ಗಿಸಿದ್ದ. ಸುಮನಾ ತಾಯಿಯನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದಳು. ಬಾಗಿಲ ಹತ್ತಿರ ಪಕ್ಕದ ಮನೆಯ ಇಬ್ಬರು ಹೆಂಗಸರು ಬಂದು ನಿಂತಿದ್ದರು. ಇಷ್ಟು ಸಾಕು, ಇನ್ನಾದರೂ ಮುಚ್ಚಿರಲಿ ಎಂದು ಆಸೆಪಟ್ಟು ಭಾನು ಅತ್ತೆಯ ಬಾಯಿ ನೋಡಿದಳು. ಮುಚ್ಚಿರಲಿಲ್ಲ. ಅವಳು ಉಸಿರು ತುಂಬಿಕೊಂಡು ಮುಂದಿನ ಮಾತು ಶುರು ಮಾಡಿದಳು.